ಬಂದ್ ಮಾಡಬಾರದ ಮಿಷನ್ನು

"ಅವ್ವಾ, ಆದದ್ದೆಲ್ಲ ಶಿವನ ಇಚ್ಛೆ ಎಂದು ಒಪ್ಪಿಕೊಂಡವನಿಗೆ ಸಿಟ್ಟು ಬರಬಾರದಲ್ಲವೇ?"

ಕೇಳಿದವನು ಶಿಷ್ಯ ಚೆನ್ನವೀರ. ಎರಡು ವರ್ಷದಿಂದ ಮಠದಲ್ಲಿದ್ದು ಓದುತ್ತಿದ್ದ. ಮಠದ ಹಿರಿಯರಾದ ನೀಲವ್ವ ತಾಯಿಯನ್ನು ಅಲ್ಲಿ ಎಲ್ಲರೂ ಅವ್ವ ಎಂದೇ ಕರೆಯುತ್ತಿದ್ದರು.

"ಯಾರಿಗೆ ಬರಬಾರದು? ನನಗೋ?" ಎಂದರು ಅವ್ವ.

"ನಿಮಗೆ ಅಂತಲ್ಲ. ಸಾಮಾನ್ಯವಾಗಿ ಕೇಳಿದೆ."

"ಸಾಮಾನ್ಯವಾಗಿ ಯಾರಿಗೂ ಸಿಟ್ಟು ಬರುವುದಿಲ್ಲ ತಮ್ಮಾ. ಒಬ್ಬೊಬ್ಬರಿಗೆ ಒಂದೊಂದು ಕಾರಣಕ್ಕೆ ಬರುತ್ತದೆ. ಕೂತುಕೋ. ಒಬ್ಬನ ಸಿಟ್ಟಿನ ಕತೆ ಹೇಳುತ್ತೇನೆ. ಅದು ಬರಬಾರದಿತ್ತೋ ಏನೋ, ಆಮೇಲೆ ನೀನೇ ಹೇಳು."

ಚೆನ್ನವೀರ ಕುಳಿತ. ಅವ್ವ ಹೇಳತೊಡಗಿದರು.

ಒಬ್ಬ ಗುತ್ತಿಗೆದಾರನಿದ್ದ. ರಸ್ತೆ ಅಗಲ ಮಾಡುವಾಗ ಒಂದು ಸಾಲು ಹುಣಸೆ ಮರ ಕೆಡವುವ ಕೆಲಸ ಅವನಿಗೆ ಸಿಕ್ಕಿತ್ತು. ಅವನ ಬಳಿ ಮರ ಕೊಯ್ಯುವ ಮಿಷನ್ನು ಇತ್ತು. ಪೆಟ್ರೋಲಿನಿಂದ ಓಡುವಂಥದ್ದು. ಉದ್ದನೆಯ ಉಕ್ಕಿನ ಪಟ್ಟಿಯ ಸುತ್ತ ಹಲ್ಲಿರುವ ಚೈನು ಗಿರಗಿರ ತಿರುಗಿ ಮರವನ್ನು ಕೊಯ್ಯುತ್ತದೆ. ಅದನ್ನು ಹಿಡಿಯಲು ಒಬ್ಬ ಕೆಲಸಗಾರನನ್ನು ಇಟ್ಟುಕೊಂಡಿದ್ದ.

ಗುತ್ತಿಗೆದಾರ ದೈವಭಕ್ತ. ಅದರಲ್ಲಿ ಕುಂದು ಹುಡುಕುವಂತಿಲ್ಲ. ಮಿಷನ್ನಿನ ಜೊತೆಗೆ ಒಂದು ಪುಸ್ತಕ ಬಂದಿತ್ತು. ಚೈನು ಹೇಗೆ ಹಾಕಬೇಕು, ಹೇಗೆ ತೆಗೆಯಬೇಕು, ಎಲ್ಲಿ ಕೈ ಇಡಬಾರದು ಎಂದು ಅದರಲ್ಲಿ ಚಿತ್ರ ಬರೆದು ತಿಳಿಸಿತ್ತು. ಅವನು ಆ ಪುಸ್ತಕಕ್ಕೆ ಕುಂಕುಮ ಹಚ್ಚಿ ದೇವರ ಜಗಲಿಯ ಮೇಲಿಟ್ಟ. ಅಮಾವಾಸ್ಯೆಗೊಮ್ಮೆ ಊದಿನಕಡ್ಡಿ ಬೆಳಗಿದ. ತೆರೆದು ಮಾತ್ರ ನೋಡಲಿಲ್ಲ.

ಅವನದೊಂದು ಕಟ್ಟಳೆ ಇತ್ತು. ಕಾಯಿ ಒಡೆದು, ಪೂಜೆ ಮಾಡಿ ಚಾಲೂ ಮಾಡಿದ ಮಿಷನ್ನನ್ನು ಮರ ನೆಲಕ್ಕೆ ಬೀಳುವವರೆಗೆ ಬಂದ್ ಮಾಡಬಾರದು. ನಡುವೆ ಬಂದ್ ಮಾಡಿದರೆ ಮರ ಜೀವ ಬೇಡುತ್ತದೆ. ಇದನ್ನು ಅವನ ಅಪ್ಪ ಹೇಳಿದ್ದನಂತೆ. ಅಪ್ಪನ ಕಾಲದಲ್ಲಿ ಮಿಷನ್ನೇ ಇರಲಿಲ್ಲವಲ್ಲ ಎಂದು ಯಾರೂ ಕೇಳಲಿಲ್ಲ. ಮಿಷನ್ನು ತಾನಾಗಿ ನಿಂತರೂ ಅಪಶಕುನವೇ ಎಂದು ಅವನು ಅದರ ಒಂದು ಸ್ಕ್ರೂ ತಿರುವಿಸಿ, ವೇಗಕ್ಕಾಗಿ ಒತ್ತುವ ಹಿಡಿಕೆ ಬಿಟ್ಟಾಗಲೂ ಜೋರಾಗಿ ಓಡುವಂತೆ ಮಾಡಿಸಿದ್ದ. ಹಾಗಾಗಿ ಯಾರೂ ಒತ್ತದಿದ್ದರೂ ಚೈನು ತಿರುಗುತ್ತಿತ್ತು. ಬ್ರೇಕ್ ಹಾಕಿದರೆ ಮಾತ್ರ ನಿಲ್ಲುತ್ತಿತ್ತು.

ಕೆಲಸಗಾರ ತನ್ನ ಕೆಲಸ ಬಲ್ಲವನು. ಒಬ್ಬ ಮುದುಕ ಮಿಸ್ತ್ರಿಯ ಕೈಕೆಳಗೆ ಕಲಿತವನು. ಮೊದಲ ಮರದ ದಿನ ಬೆಳಿಗ್ಗೆ ಸವೆದ ಚೈನು ತೆಗೆದು ಹೊಸದು ಹಾಕಲು ಕುಳಿತ. ಮಿಷನ್ನು ಬಂದ್ ಆಗಿತ್ತು, ತಣ್ಣಗಿತ್ತು. ಆದರೂ ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗಿನ ಟೋಪಿಯನ್ನು ಕಿತ್ತು ಪಕ್ಕಕ್ಕೆ ಸರಿಸಿದ. ಇನ್ನು ಅದು ಯಾವ ಕಾರಣಕ್ಕೂ ತಾನಾಗಿ ಚಾಲೂ ಆಗುವಂತಿರಲಿಲ್ಲ. ದಪ್ಪ ಕೈಗವಸು ತೊಟ್ಟ. ಬ್ರೇಕ್ ಸಡಿಲಿಸಿ, ನಟ್ಟು ಬಿಚ್ಚಿ, ಮುಚ್ಚಳ ತೆಗೆದ. ಹಳೆಯ ಚೈನು ಇಳಿಸಿ, ಪಟ್ಟಿಯ ಅಂಚಿನ ಸಂದಿಯಲ್ಲಿ ಕೂತ ಮರದ ಹೊಟ್ಟನ್ನು ಕೆರೆದು ತೆಗೆದ. ಹೊಸ ಚೈನನ್ನು ಹಲ್ಲುಗಾಲಿಗೆ ಕೂರಿಸಿ ಪಟ್ಟಿಯ ಸುತ್ತ ತೊಡಿಸಿದ. ಮೇಲ್ಬದಿಯ ಹಲ್ಲುಗಳು ಪಟ್ಟಿಯ ತುದಿಯ ಕಡೆಗೆ ಮುಖ ಮಾಡಿವೆಯೇ ಎಂದು ನೋಡಿದ. ಮುಚ್ಚಳವಿಟ್ಟು, ನಟ್ಟನ್ನು ಕೈಯಿಂದಷ್ಟೇ ತಿರುಗಿಸಿ, ಪಟ್ಟಿಯ ತುದಿಯನ್ನು ಮೇಲೆತ್ತಿ ಹಿಡಿದು ಬಿಗಿ ಮಾಡುವ ಸ್ಕ್ರೂ ತಿರುವಿದ. ಚೈನು ಜೋತು ಬೀಳದೆ ಪಟ್ಟಿಗೆ ಅಂಟಿ ಕೂತಿತು. ಎಳೆದು ನೋಡಿದರೆ ಸಲೀಸಾಗಿ ಸರಿಯಿತು. ಆಗ ನಟ್ಟನ್ನು ಪೂರ್ತಿ ಬಿಗಿದ.

ಗುತ್ತಿಗೆದಾರ ಕಾಯಿ ಹಿಡಿದು ಕಾಯುತ್ತಿದ್ದ.

"ಏನಪಾ, ಚೈನು ಹಾಕಾಕತ್ತೀಯೋ, ಮದಲಗಿತ್ತಿಗೆ ಬಳಿ ಇಡಸಾಕತ್ತೀಯೋ?"

"ಬಳಿ ಒಡದ್ರ ಮದಲಗಿತ್ತಿ ಅಳತಾಳ್ರೀ ಸಾವಕಾರ್ರ. ಇದು ಕಳಚಿ ಬಿದ್ರ ನನ್ನ ಹೇಂತಿ ಅಳತಾಳ."

ಸುತ್ತ ನಿಂತವರು ನಕ್ಕರು. ಗುತ್ತಿಗೆದಾರನೂ ನಕ್ಕ.

"ಹೊಸಾ ಚೈನು ರೀ," ಎಂದ ಕೆಲಸಗಾರ. "ಬಿಸಿ ಆದಂಗ ಹಿಗ್ಗಿ ಸಡಿಲ ಆಗ್ತೈತಿ. ನಡುವ ಬಿಗಿ ಮಾಡಬೇಕಾಗ್ತೈತಿ."

"ಮಾಡಪಾ, ಯಾರು ಬ್ಯಾಡ ಅಂದ್ರು? ಬಂದ್ ಒಂದು ಮಾಡಬ್ಯಾಡ."

ಕಾಯಿ ಒಡೆದರು. ಮಿಷನ್ನು ಚಾಲೂ ಆಯಿತು. ಕಾಂಡದ ಅರ್ಧಕ್ಕೆ ಬರುವಷ್ಟರಲ್ಲಿ ಚೈನು ಸಡಿಲಾಗಿ ಪಟ್ಟಿಯ ಕೆಳಗೆ ಜೋತಿತು. ಕೆಲಸಗಾರ ಮಿಷನ್ನನ್ನು ಹೊರಗೆಳೆದು ಬ್ರೇಕ್ ಹಾಕಿದ. ಕೈ ಬಂದ್ ಮಾಡುವ ಗುಂಡಿಯತ್ತ ಹೋಯಿತು. ಗುತ್ತಿಗೆದಾರ ಚೀರಿದ. ಸುತ್ತ ಇದ್ದವರೂ ಚೀರಿದರು. ಕೈ ನಿಂತಿತು.

"ಇಲ್ಲೊಂದು ಮಾತು ತಿಳಿದುಕೋ ತಮ್ಮಾ," ಎಂದರು ಅವ್ವ. "ಅವನು ಗೊತ್ತಿಲ್ಲದೆ ಕೆಟ್ಟವನಲ್ಲ. ಗೊತ್ತಿತ್ತು. ಇಪ್ಪತ್ತು ಜನ ಒಟ್ಟಿಗೆ ಹೆದರಿ ಕೂಗುವಾಗ, ಒಬ್ಬನಿಗೆ ಗೊತ್ತಿರುವುದು ಅವನ ಕಿವಿಗೇ ಕೇಳಿಸುವುದಿಲ್ಲ."

ಓಡುತ್ತಿದ್ದ ಮಿಷನ್ನನ್ನು ಅವನು ನೆಲದ ಮೇಲಿಟ್ಟು ಮಂಡಿಯೂರಿದ. ನಟ್ಟು ಸಡಿಲಿಸಿದ, ಸ್ಕ್ರೂ ತಿರುವಿದ, ನಟ್ಟು ಬಿಗಿದ. ಬಿಗಿ ಸರಿಯಾಯಿತೇ ಎಂದು ತಿಳಿಯಬೇಕಾದರೆ ಚೈನನ್ನು ಕೈಯಿಂದ ಎಳೆದು ನೋಡಬೇಕು. ಬ್ರೇಕ್ ಹಾಕಿದ್ದರೆ ಚೈನು ಸರಿಯುವುದಿಲ್ಲ. ಒಂದು ಕೈಯನ್ನು ಚೈನಿನ ಮೇಲಿಟ್ಟುಕೊಂಡು ಇನ್ನೊಂದು ಕೈಯಿಂದ ಬ್ರೇಕ್ ತೆಗೆದ. ಅವನು ಎಳೆಯುವವರೆಗೆ ಚೈನು ಕಾಯಲಿಲ್ಲ. ಕೈಗವಸಿನ ಸಮೇತ ಮೂರು ಬೆರಳು ಹೋದವು.

"ಆಗ ಮಿಷನ್ನನ್ನು ಬಂದ್ ಮಾಡಿದರು," ಎಂದರು ಅವ್ವ. "ಯಾರು ಅಂತೀಯಾ? ಆ ಗುತ್ತಿಗೆದಾರನೇ. ಓಡಿ ಬಂದು ಬಂದ್ ಮಾಡಿದ. ಒಂದು ನಿಮಿಷ ಮೊದಲು ಆಗದಿದ್ದದ್ದು ಒಂದು ನಿಮಿಷದ ಮೇಲೆ ಆಯಿತು!"

ಅವ್ವನ ದನಿ ಏರಿತ್ತು. ಅದನ್ನು ಇಳಿಸಿಕೊಂಡು ಮುಂದುವರಿಸಿದರು.

ಉಳಿದ ಅರ್ಧ ಕಾಂಡವನ್ನು ಕೊಡಲಿಯಿಂದ ಕಡಿದು ಮರ ಕೆಡವಿದರು. ಮರ ರಕ್ತ ಕೇಳಿತು ಎಂದ ಗುತ್ತಿಗೆದಾರ. ಹೌದು, ಕೇಳಿತು ಎಂದರು ಜನ. ನೂರು ವರ್ಷ ನೆರಳು ಕೊಟ್ಟು, ಹಣ್ಣು ಕೊಟ್ಟು, ಯಾರ ಒಂದು ಉಗುರನ್ನೂ ಕೇಳದಿದ್ದ ಮರ! ಗುತ್ತಿಗೆದಾರ ಮೊದಲೇ ತಿರುವಿಸಿದ್ದ ಆ ಸ್ಕ್ರೂವಿನ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಗುತ್ತಿಗೆದಾರ ಆ ಬುಡದ ಹತ್ತಿರ ಒಂದು ಕಲ್ಲು ನಿಲ್ಲಿಸಿ ಅರಿಸಿನ ಬಳಿದ. ಪೂಜೆಯ ಅರ್ಧ ಕಾಯನ್ನು ಆಸ್ಪತ್ರೆಗೆ ಕಳಿಸಿಕೊಟ್ಟ. ದೊಡ್ಡ ಮನಸ್ಸು ಎಂದು ಜನ ಹೊಗಳಿದರು.

ಗಾಯ ಮಾಗಿದ ಮೇಲೆ ಕೆಲಸಗಾರನೂ ಬಂದ. ಬಂದ್ ಮಾಡಲು ನಾನು ಕೈ ಚಾಚಿದೆ, ಅದಕ್ಕೇ ಮರ ಮುನಿಯಿತು ಎಂದು ಅವನೂ ನಂಬಿದ್ದ. ಏಳು ಬೆರಳಿನ ಕೈ ಜೋಡಿಸಿ ಆ ಕಲ್ಲಿಗೆ ನಮಸ್ಕಾರ ಮಾಡಿದ. ಮನಸ್ಸು ಶಾಂತವಾಯಿತು.

"ಒಪ್ಪಿಕೊಂಡವನಿಗೆ ಸಿಟ್ಟು ಬರಬಾರದಲ್ಲವೇ ಎಂದು ನೀನು ಕೇಳಿದೆಯಲ್ಲ, ಇದೇ ಆ ಶಾಂತಿ," ಎಂದರು ಅವ್ವ.

ಗುತ್ತಿಗೆದಾರ ಅವನಿಗೆ ಬೇರೆ ಕೆಲಸ ಕೊಟ್ಟ. ಮರ ಬೀಳಿಸುವಾಗ ರಸ್ತೆಯಲ್ಲಿ ನಿಂತು ಕೆಂಪು ಬಟ್ಟೆ ಬೀಸಿ ಗಾಡಿ ತಡೆಯುವುದು. ಅದಕ್ಕೂ ಜನ ಗುತ್ತಿಗೆದಾರನನ್ನೇ ಹೊಗಳಿದರು. ಮಿಷನ್ನು ಹಿಡಿಯಲು ಪಕ್ಕದ ಊರಿನಿಂದ ಇನ್ನೊಬ್ಬ ಬಂದ. ಅವನ ಮನೆಯಲ್ಲಿ ಆರು ತಿಂಗಳ ಮಗಳಿದ್ದಳು.

ಎರಡನೆಯ ಮರದ ದಿನ ಮತ್ತೆ ಹೊಸ ಚೈನು, ಮತ್ತೆ ಕಾಯಿ, ಮತ್ತೆ ಅದೇ ಕಟ್ಟಳೆ. ಅರ್ಧ ಕಾಂಡಕ್ಕೆ ಚೈನು ಸಡಿಲಾಯಿತು. ಹೊಸಬ ಮಿಷನ್ನನ್ನು ಹೊರಗೆಳೆದು, ಬ್ರೇಕ್ ಹಾಕಿ, ಓಡುತ್ತಿದ್ದ ಹಾಗೆಯೇ ನೆಲಕ್ಕಿಟ್ಟ. ನಟ್ಟು ಸಡಿಲಿಸಿದ, ಸ್ಕ್ರೂ ತಿರುವಿದ, ನಟ್ಟು ಬಿಗಿದ. ಒಂದು ಕೈಯನ್ನು ಚೈನಿನ ಮೇಲಿಟ್ಟ. ಇನ್ನೊಂದು ಕೈ ಬ್ರೇಕಿನತ್ತ ಹೋಯಿತು.

ರಸ್ತೆಯಲ್ಲಿ ನಿಂತವನು ಇದನ್ನು ನೋಡಿದ. ತನಗೆ ಆದದ್ದನ್ನು ಅವನು ಈವರೆಗೆ ಹೊರಗೆ ನಿಂತು ನೋಡಿರಲಿಲ್ಲ. ಅಲ್ಲಿ ಒಂದು ಕೈ ಇತ್ತು. ಒಂದು ಬ್ರೇಕ್ ಇತ್ತು. ಓಡುವ ಒಂದು ಮಿಷನ್ನು ಇತ್ತು. ಮರ ಎಲ್ಲಿಯೂ ಇರಲಿಲ್ಲ.

ಅವನಿಗೆ ಸಿಟ್ಟು ಬಂತು. ಎರಡು ತಿಂಗಳಿನಿಂದ ಬರಬೇಕಾಗಿದ್ದ ಸಿಟ್ಟೆಲ್ಲ ಒಟ್ಟಿಗೇ ಬಂತು. ಕೆಂಪು ಬಟ್ಟೆ ಎಸೆದು ಓಡಿದ.

"ಕೈ ತೆಗಿಯೋ ತಮ್ಮಾ! ಕೈ ತೆಗಿ!"

ಹೊಸಬ ಬೆಚ್ಚಿ ಕೈ ಎತ್ತಿದ. ಇವನು ಬಗ್ಗಿ ಹೆಬ್ಬೆರಳಿನಿಂದ ಗುಂಡಿ ಒತ್ತಿದ. ಮಿಷನ್ನು ಬಂದ್ ಆಯಿತು.

"ಏ ಹುಚ್ಚಾ, ಎಂಥಾ ಕೆಲಸಾ ಮಾಡಿದಿ!" ಗುತ್ತಿಗೆದಾರ ಬಾಯಿ ಬಡಿದುಕೊಂಡ. "ನಿನ್ನ ಬೆರಳು ಹೋಗಿದ್ದು ಸಾಲಲಿಲ್ಲೇನು? ಇನ್ನ ಮರ ಯಾರ ಜೀವಾ ಕೇಳತೈತೋ!"

"ನನ್ನ ಬೆರಳು ಮರ ಕೇಳಿಲ್ರೀ ಸಾವಕಾರ್ರ. ನೀವು ಕೇಳಿದ್ರಿ, ನಾ ಕೊಟ್ಟೆ. ಇನ್ನೊಬ್ಬಂದು ಕೊಡೂದಿಲ್ಲ."

ಎಲ್ಲರೂ ಮರವನ್ನೇ ನೋಡಿದರು. ಮರ ನಿಂತೇ ಇತ್ತು. ಇರುವೆಗಳು ಸಾಲಾಗಿ ಹತ್ತುತ್ತಿದ್ದವು.

ಅವನು ಜನರನ್ನು ಮರದಿಂದ ದೂರ ಸರಿಸಿದ. ಮಿಷನ್ನನ್ನೂ ದೂರ ಒಯ್ಯಿಸಿದ. ಅದು ತಣ್ಣಗಾಗಲೆಂದು ಕಾದ. ಪ್ಲಗ್ಗಿನ ಟೋಪಿ ಕಿತ್ತ. ಅವನ ಕೈಗೆ ಸ್ಪಾನರ್ ಹಿಡಿಯಲು ಬರುತ್ತಿರಲಿಲ್ಲ. ಬಾಯಿಯಲ್ಲಿ ಹೇಳಿದ, ಹೊಸಬ ಮಾಡಿದ. ತುದಿ ಎತ್ತಿ ಹಿಡಿ. ಇನ್ನೊಂದು ಚೂರು ಬಿಗಿ. ಸಾಕು. ಈಗ ಎಳೆದು ನೋಡು. ನಟ್ಟು ಮರೆಯಬೇಡ. ಆಮೇಲೆ ಗುತ್ತಿಗೆದಾರ ತಿರುವಿಸಿದ್ದ ಆ ಇನ್ನೊಂದು ಸ್ಕ್ರೂ ತೋರಿಸಿದ. ಟೋಪಿ ಹಾಕಿಸಿ, ಚಾಲೂ ಮಾಡಿಸಿ ಅದನ್ನು ಹಿಂದಕ್ಕೆ ತಿರುವಿಸಿದ. ಹಿಡಿಕೆ ಬಿಟ್ಟ ಕೂಡಲೇ ಚೈನು ನಿಲ್ಲುವವರೆಗೆ ತಿರುವಿಸಿದ. ಇಷ್ಟಕ್ಕೆ ಹಿಡಿದದ್ದು ಒಂದು ಚಹಾ ಕುಡಿಯುವಷ್ಟು ಹೊತ್ತು.

ಉಳಿದದ್ದನ್ನು ಕೊಯ್ದರು. ಮರ ಖಾಲಿ ಹೊಲದ ಕಡೆಗೆ ಬಿತ್ತು. ಯಾರಿಗೂ ಒಂದು ಗೀರೂ ಆಗಲಿಲ್ಲ.

"ಆಗ ಗುತ್ತಿಗೆದಾರ ಏನಂದ ಗೊತ್ತೇ?" ಎಂದರು ಅವ್ವ. "'ನೋಡ್ರೆಪಾ, ಮೊದಲನೇ ಮರಕ್ಕ ರಕ್ತಾ ಬಿದ್ದಿತ್ತಲ್ಲ, ಅದು ಇಡೀ ಸಾಲಿಗೇ ಸಂದೈತಿ. ಅದಕ್ಕ ಇದು ಏನೂ ಕೇಳಲಿಲ್ಲ.' ಜನ ಹೌದು ಹೌದು ಎಂದು ತಲೆಯಾಡಿಸಿದರು. ಮರುದಿನ ಕೆಂಪು ಬಟ್ಟೆ ಬೇರೆ ಯಾರದೋ ಕೈಯಲ್ಲಿತ್ತು. ಅವನನ್ನು ಕೆಲಸದಿಂದ ತೆಗೆದಿದ್ದರು. ಹೊಸಬ ಮಾತ್ರ ಅಂದಿನಿಂದ ಬಂದ್ ಮಾಡದೆ ಚೈನಿಗೆ ಕೈ ಹಚ್ಚಲಿಲ್ಲ. ಯಾರು ಎಷ್ಟೇ ಚೀರಲಿ, ಹಚ್ಚಲಿಲ್ಲ."



"ಅವ್ವಾ, ಅವನ ಸಿಟ್ಟು ನ್ಯಾಯವಾದದ್ದೇ," ಎಂದ ಚೆನ್ನವೀರ. "ಆದರೂ ಎಲ್ಲವೂ ಶಿವನ ಇಚ್ಛೆ ಎಂದ ಮೇಲೆ ಮೂರು ಬೆರಳು ಹೋದದ್ದೂ ಶಿವನ ಇಚ್ಛೆಯೇ ಅಲ್ಲವೇ? ಅದಕ್ಕೆ ಸಿಟ್ಟಾದವನು ಶಿವನ ಮೇಲೆಯೇ ಸಿಟ್ಟಾದಂತಲ್ಲವೇ?"

ಅವ್ವ ಅವನ ಮುಖವನ್ನೇ ನೋಡಿದರು.

"ಹೋದ ಮೂರು ಬೆರಳನ್ನು ಶಿವನ ತಲೆಗೆ ಕಟ್ಟಿದೆಯಲ್ಲ ತಮ್ಮಾ, ಗುಂಡಿ ಒತ್ತಿದ ಹೆಬ್ಬೆರಳನ್ನು ಉಳಿಸಿದವನು ಯಾರು?"