ಕಾಲಿಟ್ಟರೆ ಹಿಮ ಕರಕ್ ಎನ್ನುವುದೇಕೆ

ಬೂಟು ಹಾಕಿಕೊಂಡು ಬಾಗಿಲಲ್ಲಿ ಚಡಪಡಿಸಬೇಡ, ಪುಟ್ಟಕ್ಕ. ಹಿಮ ಎಲ್ಲಿಗೂ ಓಡಿಹೋಗುವುದಿಲ್ಲ. ಅದರ ಮೇಲೆ ಕಾಲಿಟ್ಟರೆ ಕರಕ್ ಅಂತ ಯಾಕೆ ಅನ್ನುತ್ತದೆ ಎಂದು ಕೇಳಿದೆಯಲ್ಲ, ಅಜ್ಜಿ ಹೇಳುವುದನ್ನು ಕೇಳಿ ಆಮೇಲೆ ಹೋಗು.

ಆಗ ಭೂಮಿ ಇನ್ನೂ ಹೊಸದು. ಎಲ್ಲೆಲ್ಲಿ ಕೂರಬೇಕು ಎನ್ನುವುದು ಬೆಟ್ಟಗಳಿಗೆ ಆಗಷ್ಟೇ ಗೊತ್ತಾಗಿತ್ತು. ನದಿ ಮಾತಾಡುತ್ತಿತ್ತು, ಗಾಳಿ ಉತ್ತರ ಕೊಡುತ್ತಿತ್ತು, ಎರಡೂ ಸೇರಿ ಕಾಗೆಯನ್ನು ರೇಗಿಸುತ್ತಿದ್ದವು. ಆ ನದಿಯ ದಂಡೆಯ ಮೇಲೆ ಒಂದು ನಗರವಿತ್ತು. ದೊಡ್ಡದು ಅಂದರೆ ದೊಡ್ಡದೇ. ಬೆಳಿಗ್ಗೆ ಈ ತುದಿಯಿಂದ ಹೊರಟವರು ಆ ತುದಿ ಮುಟ್ಟುವಾಗ ಊಟದ ಹೊತ್ತು ಮೀರಿರುತ್ತಿತ್ತು.

ಅಷ್ಟು ದೊಡ್ಡ ನಗರದಲ್ಲಿ, ನೀವು ಎಲ್ಲಿಯವರು ಎಂದು ಕೇಳಿದರೆ ಒಬ್ಬರೂ ನಗರದ ಹೆಸರು ಹೇಳುತ್ತಿರಲಿಲ್ಲ. ನಾನು ಮಗ್ಗದ ಕೇರಿಯವನು, ನಾನು ಗಾಣದ ಕೇರಿಯವಳು, ನಾವು ದೋಣಿ ಕೇರಿಯವರು, ನಾವು ಮಡಕೆ ಕೇರಿಯವರು. ಬರೀ ಇದೇ. ಕೇರಿಗೊಂದು ನೆಲ, ನೆಲಕ್ಕೊಂದು ಬಣ್ಣ. ಮಡಕೆ ಕೇರಿಯ ಬೀದಿಗೆ ಕೆಮ್ಮಣ್ಣು, ಗಾಣದ ಕೇರಿಗೆ ಕರಿಮಣ್ಣು, ಮಗ್ಗದ ಕೇರಿಗೆ ಹಳದಿ ಮಣ್ಣು, ದೋಣಿ ಕೇರಿಗೆ ನದಿಯ ಮರಳು. ಬಾಗಿಲ ಮುಂದಿನ ರಂಗೋಲಿಯೂ ಕೇರಿಗೊಂದು ತರಹ. ಮಗು ಹುಟ್ಟಿದರೆ ಹೆಸರಿಡುವುದು ಆಮೇಲಿನ ಮಾತು. ಮೊದಲು ಸೂಲಗಿತ್ತಿ ಅದರ ಕಿವಿಯಲ್ಲಿ ಕೇರಿಯ ಹೆಸರು ಹೇಳಬೇಕು, ಅದಾದ ಮೇಲೆಯೇ ತಾಯಿ ಹಾಲು ಕುಡಿಸಬೇಕು. ಅಷ್ಟು ಹಟದ ಜನ ಅವರು. ನಮ್ಮವರೇ ಇರಬೇಕು ಅಂತ ನನಗೆ ಗುಮಾನಿ.

ಇಡೀ ನಗರಕ್ಕೆ ಒಬ್ಬಳೇ ಸೂಲಗಿತ್ತಿ, ನೀಲವ್ವ. ಅವಳ ಗುಡಿಸಲು ಯಾವ ಕೇರಿಯಲ್ಲೂ ಇರಲಿಲ್ಲ, ನದಿಯ ಕಟ್ಟೆಯ ಹತ್ತಿರ ಇತ್ತು. ಅಲ್ಲಿಂದ ಎಲ್ಲ ಕೇರಿಗೂ ಒಂದೇ ದೂರ. ನಗರದ ಪ್ರತಿಯೊಂದು ಮಗು ಅವಳ ಕೈಗೇ ಬಂದದ್ದು. ಪ್ರತಿಯೊಬ್ಬರ ಮೊದಲ ಹೆಜ್ಜೆಯನ್ನೂ ಅವಳು ನೋಡಿದ್ದಳು.

ಅಲ್ಲಿಯವರೆಗೆ ಹಿಮ ಬೆಟ್ಟದ ತುದಿಯಲ್ಲಿ ಒಂಟಿಯಾಗಿತ್ತು. ಅಲ್ಲಿಗೆ ಹತ್ತಿ ಬರುವವರಿಲ್ಲ, ಮಾತಾಡಿಸುವವರಿಲ್ಲ. ಬೇಜಾರು ಹಿಡಿದು ಒಂದು ಬೆಳಿಗ್ಗೆ ಅದು ಗಾಳಿಯ ಹೆಗಲೇರಿ ನಗರಕ್ಕೆ ಇಳಿಯಿತು. ಇಳಿದು ಬೀದಿಯ ಮೇಲೆ ಬೋರಲು ಮಲಗಿತು. ಹಿಮ ಯಾವಾಗಲೂ ಬೋರಲೇ ಮಲಗುವುದು. ಅದಕ್ಕೇ ಬೆನ್ನ ಮೇಲೆ ಓಡಾಡುವವರ ಮುಖ ಅದಕ್ಕೆ ಕಾಣುವುದಿಲ್ಲ.

ಕೆಮ್ಮಣ್ಣು ಮುಚ್ಚಿತು. ಕರಿಮಣ್ಣು ಮುಚ್ಚಿತು. ಹಳದಿ ಮಣ್ಣು ಮುಚ್ಚಿತು, ಮರಳೂ ಮುಚ್ಚಿತು. ಆಗಿನ ಹಿಮಕ್ಕೆ ಸದ್ದು ಇರಲಿಲ್ಲ. ಕಾಲಿಟ್ಟು ಎತ್ತಿದರೆ ನೀರಿನ ಹಾಗೆ ಮತ್ತೆ ಕೂಡಿಕೊಳ್ಳುತ್ತಿತ್ತು, ಹೆಜ್ಜೆಯ ಗುರುತೇ ಉಳಿಯುತ್ತಿರಲಿಲ್ಲ.

"ಈಗ ಎಷ್ಟು ಚೆನ್ನಾಗಿದೆ ನೋಡಿ," ಎಂದಿತು ಹಿಮ. "ಕೇರಿಯೂ ಇಲ್ಲ, ಗೀರಿಯೂ ಇಲ್ಲ. ಎಲ್ಲ ಒಂದೇ. ನಾನಿನ್ನು ಇಲ್ಲಿಂದ ಏಳುವುದಿಲ್ಲ."

ನಗರದ ಜನ ಕಂಗಾಲಾದರು. ನೆಲ ನೋಡಿಯೇ ದಾರಿ ಹಿಡಿಯುತ್ತಿದ್ದವರು, ಮನೆಗಳ ಗುರುತು ಇಟ್ಟುಕೊಂಡಿರಲೇ ಇಲ್ಲ. ಮಗ್ಗದ ಕೇರಿಯ ಒಬ್ಬಾತ ಗಾಣದ ಕೇರಿಯ ಯಾರದೋ ಮನೆಗೆ ಹೋಗಿ, ಹೊಟ್ಟೆತುಂಬ ಉಂಡು, ಕೈ ತೊಳೆದ ಮೇಲೆ ನನ್ನ ಮಗ್ಗ ಎಲ್ಲಿ ಅಂತ ಕೇಳಿದ. ಹೆಂಗಸರು ರಂಗೋಲಿ ಹಾಕಿದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡರು. ಅಕ್ಕಿ ಹಿಟ್ಟು ತಂದರು, ಬಿಳಿ ಹಿಮದ ಮೇಲೆ ಬಿಳಿ ಎಳೆ ಎಳೆದರು. ಕಾಣಲಿಲ್ಲ. ಎಳೆ ಸಣ್ಣದಾಯಿತೇನೋ ಅಂತ ಇನ್ನೂ ದಪ್ಪ ಎಳೆದರು. ಆಗಲೂ ಕಾಣಲಿಲ್ಲ. ಎರಡು ದಿನದಲ್ಲಿ ನಗರದ ಡಬ್ಬಿಗಳಲ್ಲಿದ್ದ ಹಿಟ್ಟೆಲ್ಲ ಖಾಲಿ, ರಂಗೋಲಿ ಒಂದೂ ಇಲ್ಲ. ನಗಬೇಡ. ಗಾಬರಿಯಾದಾಗ ಎಲ್ಲರೂ ದಿನಾ ಮಾಡುವುದನ್ನೇ ಇನ್ನಷ್ಟು ಜೋರಾಗಿ ಮಾಡುತ್ತಾರೆ. ನಾನೂ ಹಾಗೆಯೇ.

ಮೂರನೆಯ ದಿನ ಬೆಳಿಗ್ಗೆ ಮಡಕೆ ಕೇರಿಯ ಸಂಗಪ್ಪ ಅಲೆದು ಅಲೆದು ಹೇಗೋ ನೀಲವ್ವನ ಗುಡಿಸಲು ಮುಟ್ಟಿದ.

"ಯವ್ವಾ, ಹೆಂಡತಿಗೆ ಬ್ಯಾನಿ ಸುರು ಆಗೇತಿ. ಲಗೂ ಬಾ."

"ನಡಿ, ಬಂದೆ," ಎಂದು ನೀಲವ್ವ ತನ್ನ ಗಂಟು ಎತ್ತಿಕೊಂಡಳು.

ಹೊರಗೆ ಬಂದು ನೋಡಿದರೆ ಸಂಗಪ್ಪ ಬಂದ ಹೆಜ್ಜೆ ಒಂದೂ ಇಲ್ಲ. ನಾಲ್ಕು ದಿಕ್ಕಿಗೂ ಒಂದೇ ಬಿಳುಪು. ಅವನು ನಿಂತಲ್ಲೇ ಅಳತೊಡಗಿದ. "ಹಾದಿ ತಿಳೀವಲ್ದು ಯವ್ವಾ. ಅಕಿ ಒಬ್ಬಾಕೀನ ಅದಾಳ. ಕೇರೀನ ಇಲ್ಲಂದ್ರ ಕೂಸಿನ ಕಿವ್ಯಾಗ ಏನಂತ ಹೇಳತಿ?"

ನೀಲವ್ವನಿಗೆ ಸಿಟ್ಟು ಬಂತು. ಅವಳು ಹಿಮದ ಮೇಲೆ ಮಂಡಿಯೂರಿ ಕೂತು ಮಾತಾಡಿಸಿದಳು.

"ಏ ಹಿಮಪ್ಪಾ, ಎಲ್ಲಾರೂ ಒಂದ ಅಂತೀಯಲ್ಲ, ನಿನ್ನ ಬೆನ್ನ ಮ್ಯಾಲ ನಡಿಯವ್ರು ಯಾರು ಅಂತ ಗೊತ್ತದ ಏನು?"

"ಯಾರಾದರೇನು?" ಎಂದಿತು ಹಿಮ. "ಕಾಲು ಅಂದರೆ ಕಾಲು. ಎಲ್ಲ ಒಂದೇ."

"ಹಂಗಾದ್ರ ಪಂದ್ಯ ಕಟ್ಟು. ನಾ ನಾಲ್ಕೂ ಕೇರಿ ಮಂದೀನ ನಿನ್ನ ಮ್ಯಾಲ ನಡಸ್ತೀನಿ. ಯಾರು ಯಾವ ಕೇರಿಯವ್ರು ಅಂತ ನಿನಗ ತಿಳೀಲಿಲ್ಲಂದ್ರ ವರ್ಷಪೂರ್ತಿ ಇಲ್ಲೇ ಬಿದ್ದಿರು. ಒಬ್ಬನ ಕೇರಿ ಗೊತ್ತಾದರೂ ನೀ ಸೋತಿ. ಆಮ್ಯಾಲ ಯಾರ ಹೆಜ್ಜೀನೂ ಅಳಸಬಾರದು. ಬಿಸಿಲು ಬಂದ ಕೂಡಲೇ ಬೆಟ್ಟಕ್ಕ ಹೋಗಬೇಕು."

"ಗೊತ್ತಾದರೂ ನೀನು ಗೊತ್ತಿಲ್ಲ ಅಂದುಬಿಟ್ಟರೆ?" ಎಂದು ಗಾಳಿ ಹಿಮವನ್ನು ಕೆಣಕಿತು.

"ನನ್ನ ಮೈಮೇಲೆ ಒಂದಾದರೂ ಕಲೆ ಇದೆಯಾ ನೋಡು," ಎಂದಿತು ಹಿಮ. "ನಾನು ಸುಳ್ಳು ಹೇಳುವುದಿಲ್ಲ. ಪಂದ್ಯಕ್ಕೆ ಒಪ್ಪಿದೆ."

"ನಾನು ಸಾಕ್ಷಿ," ಎಂದಿತು ನದಿ.

ದಾರಿ ತಪ್ಪಿದವರೆಲ್ಲ ಕಟ್ಟೆಯ ಹತ್ತಿರವೇ ಸುತ್ತುತ್ತಿದ್ದರು. ನೀಲವ್ವ ಕೂಗಿ ಕರೆದಳು. ಯಾರೂ ಬಾಯಿ ಬಿಡಬಾರದು, ದಿನಾ ನಡೆಯುವ ಹಾಗೆ ನಡೆಯಬೇಕು, ಅಷ್ಟೇ ಅಂದಳು.

ಮೊದಲು ಗಾಣದ ಕೇರಿಯವರು ನಡೆದರು. ಎತ್ತಿನ ಹಿಂದೆ ಸುತ್ತಿ ಸುತ್ತಿ ರೂಢಿಯಾದ ಕಾಲು, ನೇರ ದಾರಿಯಲ್ಲೂ ಎಡಕ್ಕೆ ಎಳೆಯುತ್ತಿತ್ತು. ಹಿಮ ಸುಮ್ಮನಿತ್ತು. ಆಮೇಲೆ ದೋಣಿ ಕೇರಿಯವರು, ಅಲೆಯ ಮೇಲೆ ನಿಂತವರ ಹಾಗೆ ಕಾಲು ಅಗಲ ಮಾಡಿ ಊರಿಕೊಂಡು ನಡೆದರು. ಹಿಮಕ್ಕೆ ಬೆನ್ನು ಸ್ವಲ್ಪ ಕಚಗುಳಿಯಾಯಿತು. ಆದರೂ ಸುಮ್ಮನಿತ್ತು. ಮಗ್ಗದ ಕೇರಿಯವರು ಮಗ್ಗದ ಕಾಲುಹಲಗೆ ಒತ್ತುವ ಹಾಗೆ ಕಾಲ್ಬೆರಳು ಒತ್ತಿ, ಎಡ, ಬಲ, ಎಡ, ಬಲ ಎಂದು ಹೋದರು. ಹಿಮ ಉಸಿರು ಬಿಗಿಹಿಡಿಯಿತು. ಇದುವರೆಗೆ ಅದು ಯಾರ ಹೆಜ್ಜೆಯನ್ನೂ ಇಷ್ಟು ಗಮನವಿಟ್ಟು ನೋಡಿರಲಿಲ್ಲ.

"ತಿಳೀತೇನು?" ಎಂದು ಕೇಳಿದಳು ನೀಲವ್ವ.

"ಇನ್ನೂ ಇಲ್ಲ," ಎಂದಿತು ಹಿಮ. ಅದು ಸುಳ್ಳಲ್ಲ. ಏನೋ ಬೇರೆ ಬೇರೆ ಅನ್ನಿಸಿತ್ತು, ಹೆಸರು ಹೊಳೆದಿರಲಿಲ್ಲ.

ಕೊನೆಗೆ ಉಳಿದವನು ಸಂಗಪ್ಪ. ಕಣ್ಣು ಒರೆಸಿಕೊಂಡು ಹೊರಟ. ಅವನ ಮನಸ್ಸೆಲ್ಲ ಹೆಂಡತಿಯ ಹತ್ತಿರ ಇತ್ತು, ಕಾಲಿನ ಕಡೆ ಗಮನವೇ ಇರಲಿಲ್ಲ. ಹಾಗಾಗಿ ಕಾಲು ತನಗೆ ಗೊತ್ತಿದ್ದ ಕೆಲಸ ಮಾಡಿತು. ಹಿಮ್ಮಡಿ ಊರಿತು, ತಿರುವಿತು, ಒತ್ತಿತು. ಮಡಕೆಯ ಮಣ್ಣು ತುಳಿಯುವುದು ಹಾಗೆಯೇ. ಊರಿ, ತಿರುವಿ, ಒತ್ತಿ. ಅವನ ಅಪ್ಪನೂ ಹಾಗೇ ತುಳಿದವನು, ಅಜ್ಜನೂ ಹಾಗೇ.

ಹಿಮಕ್ಕೆ ಹಾಯೆನಿಸಿತು. ನನ್ನ ಬೆನ್ನು ನೋಯುವಾಗ ನೀನು ಹತ್ತಿ ತುಳಿಯುತ್ತೀಯಲ್ಲ, ಹಾಗೆ. ಹಿಡಿದ ಉಸಿರು ತಾನಾಗಿ ಹೊರಬಿತ್ತು.

"ಕರಕ್," ಎಂದಿತು ಹಿಮ. "ಇವನು ಮಡಕೆ ಕೇರಿಯವನು. ಬೆಳಿಗ್ಗೆ ಕೆಮ್ಮಣ್ಣಿನ ಬೀದಿಯಿಂದ ಬಂದದ್ದೂ ಇದೇ ಕಾಲು."

ನದಿಯೇ ಮೊದಲು ಹೇಳಿತು, "ಸೋತೆಯಪ್ಪಾ."

"ಸೋತೆ," ಎಂದಿತು ಹಿಮ. ಅದರ ದನಿಯಲ್ಲಿ ಬೇಸರವೇ ಇರಲಿಲ್ಲ. "ಬೆಟ್ಟದ ಮೇಲೆ ನನಗೆ ಯಾರ ಗುರುತೂ ಇರಲಿಲ್ಲ ನೀಲವ್ವ. ಅದಕ್ಕೇ ಎಲ್ಲರೂ ಒಂದೇ ಅಂದುಕೊಂಡಿದ್ದೆ."

ಅಷ್ಟು ಹೇಳಿ ಅದು ಬೆಳಿಗ್ಗೆ ಮುಚ್ಚಿಟ್ಟಿದ್ದ ಸಂಗಪ್ಪನ ಹೆಜ್ಜೆಗಳನ್ನು ವಾಪಸು ಕೊಟ್ಟಿತು. ಗುಡಿಸಲ ಬಾಗಿಲಿನಿಂದ ಒಂದು ಹೆಜ್ಜೆ ಮೂಡಿತು, ಅದರ ಮುಂದೆ ಇನ್ನೊಂದು, ಮತ್ತೊಂದು. ಊರಿ, ತಿರುವಿ, ಒತ್ತಿದ ಹೆಜ್ಜೆ. ಅವು ಬೀದಿ ದಾಟಿ, ಓಣಿ ತಿರುಗಿ, ಸಂಗಪ್ಪನ ಮನೆಯ ಹೊಸ್ತಿಲವರೆಗೂ ಸಾಲಾಗಿ ಮೂಡಿದವು. ನೀಲವ್ವ ಸೀರೆ ಎತ್ತಿ ಕಟ್ಟಿ ಓಡಿದಳು. ಅವಳ ಹಿಂದೆ ಸಂಗಪ್ಪ, ಅವನ ಹಿಂದೆ ಅಲ್ಲಿ ಸೇರಿದ್ದವರೆಲ್ಲ.

ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಒಳಗಿನಿಂದ ಮಗು ಅತ್ತದ್ದು ಕೇಳಿಸಿತು. ಹೆಣ್ಣುಮಗು, ಗಂಟಲು ಗಟ್ಟಿಯಾಗಿತ್ತು. ನೀಲವ್ವ ಅದನ್ನು ಎತ್ತಿಕೊಂಡು, ಕಿವಿಗೆ ಬಾಯಿಟ್ಟು, ಹೊರಗೆ ನಿಂತವರಿಗೂ ಕೇಳಿಸುವ ಹಾಗೆ ಹೇಳಿದಳು, "ನಿಂದು ಮಡಕಿ ಕೇರಿ, ತಂಗೀ."

ಆಮೇಲಿನ ಸಂಭ್ರಮ ಏನು ಹೇಳಲಿ. ನಾಲ್ಕೂ ಕೇರಿಯವರು ಬೀದಿಗಿಳಿದು ತಮ್ಮ ತಮ್ಮ ನಡಿಗೆ ನಡೆದರು. ಗಾಣದವರಿಗೆ ಕರಕ್, ದೋಣಿಯವರಿಗೆ ಕರಕ್, ಮಗ್ಗದವರಿಗೆ ಕರಕ್. ಹಿಮ ಒಬ್ಬೊಬ್ಬರನ್ನೂ ಗುರುತು ಹಿಡಿದು ಮಾತಾಡಿಸಿತು. ಸಂಜೆ ಕಾಗೆ ಮೇಲಿನಿಂದ ನೋಡಿ, ಬಿಳಿ ನೆಲದ ಮೇಲೆ ನಾಲ್ಕು ಕೇರಿಯೂ ಹೆಜ್ಜೆಯ ರಂಗೋಲಿಯಲ್ಲಿ ಎದ್ದು ಕಾಣುತ್ತಿವೆ ಎಂದು ಊರಿಗೆಲ್ಲ ಸಾರಿತು. ಬಿಸಿಲು ಬಂದಾಗ ಹಿಮ ಮಾತಿಗೆ ತಪ್ಪದೆ ಬೆಟ್ಟಕ್ಕೆ ಹೊರಟಿತು. ಮುಂದಿನ ಚಳಿಗಾಲದಲ್ಲಿ ಅದು ಬರುವ ದಾರಿಯನ್ನು ಜನ ಬಾಗಿಲಲ್ಲಿ ನಿಂತು ಕಾದರು.

ಈಗ ಟೋಪಿ ಹಾಕಿಕೊಂಡು ಹೋಗು, ಪುಟ್ಟಕ್ಕ. ನೀನು ನಮ್ಮ ಬೀದಿಯ ಹೊಸ ಹಿಮದ ಮೇಲೆ ಕಾಲಿಟ್ಟಾಗ ಅದು ಕರಕ್ ಎನ್ನುವುದೂ, ನೀನು ದಾಟಿಹೋದ ಮೇಲೂ ನಿನ್ನ ಹೆಜ್ಜೆಯನ್ನು ಹಾಗೇ ಇಟ್ಟುಕೊಂಡಿರುವುದೂ, ಅಂದು ನೀಲವ್ವನಿಗೆ ಸೋತ ಹಿಮ ನೀನು ಯಾವ ಕೇರಿಯವಳೆಂದು ಇಂದಿಗೂ ಗುರುತು ಹಿಡಿಯುವುದರಿಂದಲೇ.