ದ್ಯಾವಮ್ಮನ ಅಂಗಳದ ಮಾಚಿಪತ್ರೆ

ಒಂದಾನೊಂದು ಕಾಲದಲ್ಲಿ, ನಿಮ್ಮ ತಾತಂಗೆ ಇನ್ನೂ ಹಾಲುಹಲ್ಲೂ ಬಂದಿರದ ಕಾಲದಲ್ಲಿ, ಹೂವು ಬೆಳೆಯೋರ ಒಂದು ಮನೆ ಇತ್ತಂತೆ. ಕಾಲು ಒದರ್ಬೇಡ ಪುಟ್ಟೀ, ಹೊದ್ಕೊಂಡು ಕೇಳು. ಆ ಮನೇಲಿ ಇಬ್ಬರು ವಾರಗಿತ್ತೀರು, ಹಿರೇಸೊಸೆ ದ್ಯಾವಮ್ಮ, ಕಿರೇಸೊಸೆ ಚನ್ನಾಜಿ. ನಡುವೆ ಒಂದು ಮುಳ್ಳುಬೇಲಿ, ಆಚೆ ಅವಳ ಅಂಗಳ, ಈಚೆ ಇವಳ ಅಂಗಳ. ಇಬ್ಬರಿಗೂ ಒಬ್ಬಳೇ ಅತ್ತೆ.

ಚನ್ನಾಜಿ ಬರೋಕೆ ಮುಂಚೆ ಹತ್ತು ವರ್ಷ, ಅತ್ತೆ ದಿನಾ ಬೆಳಗ್ಗೆ ದ್ಯಾವಮ್ಮನ ಜಗಲಿ ಮೇಲೆ ಬಂದು ಕೂರೋಳಂತೆ, ದ್ಯಾವಮ್ಮ ಕನಕಾಂಬರ ಕಟ್ಟಿ ತುರುಬಿಗೆ ಮುಡಿಸೋಳಂತೆ, ಅತ್ತೆ ಬಿಗಿಯಾಗಿ ಮುಡಿಸೇ ನನ್ನ ಮಗಳೇ ಅನ್ನೋಳಂತೆ. ದ್ಯಾವಮ್ಮ ತಾಯಿಯಿಲ್ಲದ ತಬ್ಬಲಿ, ಆ ಒಂದು ಮಾತು ಕೇಳಿದ್ರೆ ಅವಳಿಗೆ ಹೊಟ್ಟೆ ತುಂಬೋದಂತೆ. ಹೊಸ ಸೊಸೆ ಬರೋ ವರ್ಷ, ಅತ್ತೆ ಗತ್ತಾಗಿ ಕೂರ್ಲಿ ಅಂತ ಗಂಡನ್ನ ಕಾಡಿ ಬೇಡಿ ಜಗಲೀನ ಸೊಂಟದೆತ್ತರ ಕಟ್ಟಿಸಿದ್ಲಂತೆ.

ಆಮೇಲೆ ಚನ್ನಾಜಿ ಬಂದ್ಲು. ಅವಳವ್ವ ಒದ್ದೆಬಟ್ಟೇಲಿ ಸುತ್ತಿ ಕೊಟ್ಟಿದ್ದ ಒಂದು ಬೇರು ತಂದು ಅಂಗಳದಲ್ಲಿ ಊರಿದ್ಲು. ಮಾಚಿಪತ್ರೆ! ಮೇಲೆ ಹಸುರು, ಮಗುಚಿದ್ರೆ ಬೆಳ್ಳಿ, ಗಾಳಿ ಬೀಸಿದ್ರೆ ಅಂಗಳವೆಲ್ಲ ಬೆಳ್ಳಗೆ ಹೊಳೆಯೋದಂತೆ. ಒಂದು ಸಲ ನೆಟ್ರೆ ವರ್ಷವರ್ಷವೂ ಬೇರು ಹಬ್ಬಿಸ್ಕೊಂಡು ಹೋಗೋ ಗಿಡ ಅದು. ಸೇವಂತಿಗೆ ನಡುನಡುವೆ ಆ ಎಲೆ ಸೇರಿಸಿ ಚನ್ನಾಜಿ ಹೂವು ಕಟ್ಟಿದ್ರೆ ಬೀದಿಗೆಲ್ಲಾ ಘಮ. ಅದೇ ವರ್ಷದಿಂದ ಅತ್ತೆ ಚನ್ನಾಜಿ ಅಂಗಳದಲ್ಲೇ ಕೂರೋಕೆ ಶುರು ಮಾಡಿದ್ಲಂತೆ. ದ್ಯಾವಮ್ಮ ಬೇಲಿ ಸಂದಿಯಿಂದ ನೋಡ್ತಾಳೆ, ಕೈಯಲ್ಲಿ ಕಟ್ಟಿದ ಕನಕಾಂಬರ ಹಂಗೇ ಬಾಡ್ತಿದೆ. ನನ್ನ ಹತ್ತು ವರ್ಷದ ಹೂವಿಗಿಂತ ಇವಳ ಸೊಪ್ಪು ಹೆಚ್ಚಾಯ್ತಾ ಅಂತ ಹೊಟ್ಟೆ ಧಗಧಗ ಉರೀತಂತೆ.

ಮೊದಲು ಮೇಕೆ ಬಿಟ್ಲು. ಮೇಕೆ ಹೋಯ್ತು, ಮೂಸ್ತು, ಥೂ ಕಹಿ ಅಂತ ಸೀನ್ತು, ವಾಪಸ್ ಬಂದು ದ್ಯಾವಮ್ಮನ ಕನಕಾಂಬರಾನೇ ಮೇದುಬಿಡ್ತಂತೆ. ನಗಬೇಡ ಕಣೇ, ಪಾಪ ಅವಳಿಗೆ ಹ್ಯಾಗಾಗಿರ್ಬೇಕು. ಆಮೇಲೆ, ಸುಟ್ಟು ಸಾಯ್ಲಿ ಅಂತ ಒಲೆ ಬೂದಿ ಬುಟ್ಟಿಗಟ್ಟಲೆ ತಂದು ಬುಡಕ್ಕೆ ಸುರಿದ್ಲು. ಅದು ಗೊಬ್ಬರ ಆಗಿ ಗಿಡ ಇನ್ನೊಂದು ಮೊಳ ಹಬ್ತು. ಅಕ್ಕ ನನ್ನ ಗಿಡಕ್ಕೆ ಬೂದಿ ಹಾಕಿದ್ರು, ಎಷ್ಟು ಒಳ್ಳೆಯೋರು ಅಂತ ಚನ್ನಾಜಿ ಅತ್ತೆ ಹತ್ರ ಹೊಗಳಿದ್ದು ಕೇಳಿ ದ್ಯಾವಮ್ಮಂಗೆ ಮೈಯೆಲ್ಲ ಇನ್ನೂ ಉರೀತಂತೆ.

ಮೂರನೇ ಸಲ ಏನಾಯ್ತು ಗೊತ್ತಾ, ಅವ್ವಂಗೆ ಹುಷಾರಿಲ್ಲ ಅಂತ ಚನ್ನಾಜಿ ತವರಿಗೆ ಹೋದ್ಲು. ಎಲ್ಲಾರೂ ಹೊಲಕ್ಕೆ ಹೋಗಿದ್ದ ಮಟಮಟ ಮಧ್ಯಾಹ್ನ ದ್ಯಾವಮ್ಮ ಗುದ್ದಲಿ ತಗೊಂಡು ಒಂದು ಬೇರೂ ಬಿಡದಂಗೆ ಅಗೆದು, ಕುಡುಗೋಲಲ್ಲಿ ಚೂರುಚೂರು ಕೊಚ್ಚಿ, ತನ್ನ ತಿಪ್ಪೆಗೆ ಎಸೆದು, ಹಾಳಾಗಿ ಹೋಗು ಅಂದ್ಲಂತೆ.

ತಿಂಗಳಾದ್ಮೇಲೆ ಚನ್ನಾಜಿ ಬಂದ್ಲು. ಅವಳವ್ವ ತೀರ್ಕೊಂಡಿದ್ಲು. ಬರೀ ನೆಲ ನೋಡಿ, ಅಯ್ಯೋ, ನಮ್ಮವ್ವನ ಕೈಯಿಂದ ಬಂದದ್ದು ಅದೊಂದೇ ಇತ್ತಲ್ಲಾ ಅಂತ ಅಲ್ಲೇ ಕೂತು ಗೋಳಾಡಿದ್ಲಂತೆ. ದ್ಯಾವಮ್ಮಂಗೆ ಹೇಳಿಬಿಡ್ಲಾ ಅನ್ನಿಸ್ತು. ಅಷ್ಟರಲ್ಲಿ ಅತ್ತೆ ಚನ್ನಾಜಿ ತಲೆ ಸವರಿ, ಅಳಬೇಡ ನನ್ನ ಮಗಳೇ ಅಂದಿದ್ದು ಕಿವಿಗೆ ಬಿತ್ತು ನೋಡು, ಬಾಯಿಗೆ ಬಂದಿದ್ದನ್ನ ನುಂಗ್ಕೊಂಡ್ಲಂತೆ.

ಆಮೇಲೆ ಮಳೆ ಬಂತು. ದ್ಯಾವಮ್ಮನ ಗಂಡ, ಅವನಿಗೇನು ಗೊತ್ತು ಪಾಪ, ತಿಪ್ಪೆ ಗೊಬ್ಬರಾನ ಅಂಗಳಕ್ಕೆಲ್ಲ ಹರಡಿದ. ಕೊಚ್ಚಿದ ಒಂದೊಂದು ಚೂರೂ ಒಂದೊಂದು ಗಿಡ ಆಯ್ತಂತೆ! ಕಿತ್ತರೆ ಬೇರು ತುಂಡಾಗಿ ಇನ್ನೂ ಹತ್ತು ಬರುತ್ತೆ, ಕುಕ್ಕೆ ಕವುಚಿದ್ರೂ ಘಮ ಅಡಗಲ್ಲ. ಆ ಘಮ ಹಿಡ್ಕೊಂಡು ಒಂದು ಬೆಳಗ್ಗೆ ಅತ್ತೆ ಬಂದೇಬಿಟ್ಲು. ಎಲೆ ಕಿತ್ತು, ಉಜ್ಜಿ, ಮೂಸಿ, ಇದೆಲ್ಲಿಂದ ಬಂತೇ ಅಂದ್ಲು.

ದ್ಯಾವಮ್ಮ ಇನ್ನು ತಡ್ಕೊಳ್ಳಲಿಲ್ಲ. ನಾನೇ ಕಿತ್ತಿದ್ದು ಅತ್ತೆ, ಹತ್ತು ವರ್ಷ ಮುಡಿಸಿದ ಹೂವನ್ನ ಒಂದು ಸೊಪ್ಪಿಗೋಸ್ಕರ ಮರೆತುಬಿಟ್ರಲ್ಲಾ ಅಂತ ಹೋ ಅಂತ ಅತ್ಲಂತೆ.

ಅತ್ತೆ ಬಾಯಿ ಬಿಟ್ಕೊಂಡು ನೋಡಿದ್ಲು. ಥೂ ಹುಚ್ಚೀ, ಸೊಪ್ಪಿಗೋಸ್ಕರ ಅಲ್ಲ ಕಣೇ, ನಿನ್ನ ಜಗಲಿಯಿಂದ! ಸೊಂಟದೆತ್ತರ ಕಟ್ಟಿಸಿದೀಯ, ಈ ಹಾಳು ಮಂಡಿ ಇಟ್ಕೊಂಡು ನಾನು ಹ್ಯಾಗೆ ಹತ್ಲಿ? ಆಸೆಪಟ್ಟು ಕಟ್ಟಿಸಿದೋಳು, ಹೇಳಿದ್ರೆ ನೊಂದ್ಕೋತೀಯ ಅಂತ ಸುಮ್ನಿದ್ದೆ ಅಂದ್ಲಂತೆ. ಆಮೇಲೆ, ನನಗಲ್ಲ, ಅವಳಿಗೆ ಹೋಗಿ ಹೇಳು ಅಂತ ಬೇಲಿ ಕಡೆ ಕೈ ತೋರಿಸಿದ್ಲಂತೆ.

ದ್ಯಾವಮ್ಮ ಒಂದು ಬುಡ ಮಣ್ಣುಸಮೇತ ಎತ್ಕೊಂಡು ಹೋಗಿ ಚನ್ನಾಜಿಗೆ ಎಲ್ಲಾ ಹೇಳಿದ್ಲು. ಚನ್ನಾಜಿ ಗಿಡ ಈಸ್ಕೊಂಡು ಮುಖ ತಿರುಗಿಸ್ಕೊಂಡು ಹೋದ್ಲು. ಮೂರು ದಿನ ಮಾತಿಲ್ಲ. ನಾನಾಗಿದ್ರೆ ಮೂರು ತಿಂಗಳು ಆಡ್ತಿರ್ಲಿಲ್ಲ. ನಾಕನೇ ದಿನ ಬೇಲಿ ಮೇಲಿಂದ ಇಣುಕಿ, ಅಕ್ಕಾ, ನಮ್ಮವ್ವನ ಗಿಡ ನನ್ನ ಅಂಗಳಕ್ಕಿಂತ ನಿಮ್ಮ ಅಂಗಳದಲ್ಲೇ ಚೆನ್ನಾಗಿ ಬಂದಿದೆಯಲ್ಲ, ಈಗ ನಂಗೆ ಹೊಟ್ಟೆ ಉರೀತಿದೆ ಅಂದ್ಲಂತೆ.

ಆಮೇಲೆ ಬೇಲಿ ಕಿತ್ತರು, ಜಗಲಿ ಒಡೆದು ಮೊಣಕಾಲೆತ್ತರಕ್ಕೆ ಇಳಿಸಿದ್ರು. ಮಾರನೇ ಬೆಳಗ್ಗೆ ಅತ್ತೆ ಬಂದು ಆರಾಮಾಗಿ ಕೂತ್ಲು. ಚನ್ನಾಜಿ ಎಲೆ ಎತ್ತಿ ಕೊಡ್ತಾ ಹೋದ್ಲು, ದ್ಯಾವಮ್ಮ ಕಟ್ಟಿ ಮುಡಿಸಿದ್ಲು. ಅತ್ತೆ ತಲೆ ಬಗ್ಗಿಸಿ, ಬಿಗಿಯಾಗಿ ಮುಡಿಸೇ ನನ್ನ ಮಗಳೇ ಅಂದ್ಲಂತೆ.

ಅಲ್ಲಿಗೆ ಅವರ ಕತೆ ಮುಗೀತು ಪುಟ್ಟೀ. ನನ್ನ ತುರುಬಿನ ಮಾಚಿಪತ್ರೆ ಮೂಸಿದ್ದು ಸಾಕು, ಇನ್ನು ಕಣ್ಣು ಮುಚ್ಚು.