ಬಾಯೊಡೆದ ಹಣತೆಯ ಆಕಾಶದೀಪ

ಎಲ್ಲರೂ ಅಕ್ಷತೆ ಕೈಯಲ್ಲಿ ಹಿಡಿದು, ಪಿಸುಮಾತು ನಿಲ್ಲಿಸಿ, ಕಾರ್ತಿಕ ದಾಮೋದರನನ್ನು ನೆನೆದು ಕೇಳುವಂಥವರಾಗಿ. ಪೂರ್ವದಲ್ಲಿ ತುಂಗೆಯ ದಡದಲ್ಲಿ ರತ್ನಾವತಿಯೆಂಬ ಪಟ್ಟಣವಿದ್ದು, ಅಲ್ಲಿ ಬೊಮ್ಮಣ್ಣನೆಂಬ ಗಾಣಿಗನೂ ಅವನ ಹೆಂಡತಿ ಗಿರಿಯವ್ವೆಯೂ ಗಾಣ ಆಡಿಸಿ ಎಳ್ಳೆಣ್ಣೆ ಮಾರಿಕೊಂಡು ಬಾಳುತ್ತಿದ್ದರು. ಮಕ್ಕಳಿರಲಿಲ್ಲ. ಬೊಮ್ಮಣ್ಣನ ತಾಯಿ ಪುಟ್ಟಾಜಿ ಕೊನೆಗಾಲದಲ್ಲಿ ಸೊಸೆಯನ್ನು ಹತ್ತಿರ ಕರೆದು, ಸತ್ತವರು ನಡೆಯುವ ದಾರಿ ಕತ್ತಲೆಯದೆಂದೂ, ಕಾರ್ತಿಕದ ಉದ್ದಕ್ಕೂ ಮನೆ ಮುಂದೆ ಬಿದಿರ ಗಳ ನೆಟ್ಟು ಆಕಾಶದೀಪ ಏರಿಸಿದರೆ ತನಗೆ ದಾರಿ ಕಾಣುವುದೆಂದೂ, ಗಾಣದಿಂದ ಮೊದಲು ಇಳಿದ ಎಣ್ಣೆಯನ್ನೇ ಅದಕ್ಕೆ ಎರೆಯಬೇಕೆಂದೂ ಹೇಳಿ ಕಣ್ಣು ಮುಚ್ಚಿದಳು.

ಗಿರಿಯವ್ವೆ ಕೆಟ್ಟವಳೇನಲ್ಲ, ಕೈ ಬಿಗಿ, ಅಷ್ಟೆ. ಅದರ ಮೇಲೆ ತಾನು ಬಲು ಬುದ್ಧಿವಂತೆಯೆಂಬ ಜಂಬ ಬೇರೆ. ಚಿತೆಯಲ್ಲಿ ಕಣ್ಣೇ ಸುಟ್ಟುಹೋದ ಮೇಲೆ ಅತ್ತೆ ದೀಪವನ್ನು ಯಾವುದರಿಂದ ನೋಡುತ್ತಾಳೆ ಎಂದು ಒಳಗೊಳಗೇ ನಕ್ಕು, ಮೂಲೆಯಲ್ಲಿ ಬಿದ್ದಿದ್ದ ಬಾಯೊಡೆದ ಹಣತೆಯನ್ನು ತಂದು, ಎಣ್ಣೆಯ ತಳದಲ್ಲಿ ನಿಂತ ಗಸಿಯನ್ನು ಒಂದಿಷ್ಟು ಸುರಿದು, ದೀಪದ ಗೂಡಿನೊಳಗಿಟ್ಟು, ಹಗ್ಗ ಜಗ್ಗಿ ಗಳದ ತುದಿಗೆ ಏರಿಸಿಬಿಟ್ಟಳು. ಅಷ್ಟೆತ್ತರಕ್ಕೆ ಹೋದ ಹಣತೆಯೊಳಗೆ ಏನಿದೆಯೆಂದು ಯಾರು ಇಣುಕುತ್ತಾರೆ? ನೆರೆಯವರು ಕೈಮುಗಿದು ಒಳಗೆ ಹೋಗುವವರೆಗೆ ಉರಿದು, ಆಮೇಲೆ ಚಿಟಪಟ ಅಂದು ಆರುತ್ತಿತ್ತು. ನೀವು ನಗುತ್ತೀರಿ. ಅಡುಗೆಗೊಂದು ಎಣ್ಣೆ, ದೇವರಿಗೊಂದು ಎಣ್ಣೆ ಎಂದು ಇಡುವವರು ಇಲ್ಲಿಯೂ ಕೂತಿದ್ದಾರೆ. ನಾನು ಹೆಸರು ಹೇಳುವುದಿಲ್ಲ.

ಹೀಗಿರಲು ಮರುವರ್ಷದ ಕಾರ್ತಿಕದಲ್ಲಿ ಬೊಮ್ಮಣ್ಣ ಜ್ವರ ಹಿಡಿದು ಹಾಸಿಗೆ ಬಿದ್ದು, ಗಾಣ ನಿಂತು, ಎತ್ತು ಕೊಟ್ಟಿಗೆಯಲ್ಲೇ ಉಳಿದು, ಪಂಡಿತರೂ ಕೈಚೆಲ್ಲಿದರು. ಅವನಿಗೆ ಸಾವಿಗಿಂತ ಅದರಾಚೆಯ ಕತ್ತಲೆಯದೇ ಅಂಜಿಕೆ. ಹೊತ್ತು ಮುಳುಗಿತೆಂದರೆ ನಡುಗುವನು, ಹೆಂಡತಿಯ ಸೆರಗು ಬಿಡನು. ಯಾಕೆ ಹೀಗೆಂದು ಅವಳು ಅಳುತ್ತ ಕೇಳಲಾಗಿ, ಅವನು ಮೆಲ್ಲನೆ ಹೇಳಿದನು: “ಅವ್ವನ ದೀಪ ಆರುವುದನ್ನು ಮಲಗಿದಲ್ಲಿಂದ ದಿನವೂ ನೋಡುತ್ತಿದ್ದೇನೆ, ಗಿರಿ. ನಾಳೆ ನನ್ನದೂ ಹಾಗೇ ಆರುತ್ತದಲ್ಲ.”

ಸತ್ತವರಿಗೆ ದೀಪ ಕಾಣುವುದೋ ಇಲ್ಲವೋ ಅವಳಿಗೆ ಆಗಲೂ ತಿಳಿಯದು. ಬದುಕಿರುವವನಿಗೆ ಕಾಣುತ್ತಿದೆಯೆಂಬುದು ಮಾತ್ರ ತಿಳಿಯಿತು. ಮರುದಿನ ಮಿಂದು ಮಡಿಯುಟ್ಟು, ತಾನೇ ಎತ್ತು ಕಟ್ಟಿ, ಹೊಸ ಎಳ್ಳು ಹಾಕಿ ಗಾಣ ಆಡಿಸಿ, ಮೊದಲು ಇಳಿದ ಎಣ್ಣೆಯನ್ನು ತೆಗೆದಿಟ್ಟಳು. ಹೊಸ ಹಣತೆಗೆ ಕೈಹಾಕಿದವಳು, ಅತ್ತೆಗೆ ಗುರುತಿರುವುದು ಹಳೆಯದೇ ಅಲ್ಲವೇ ಎಂದು ಆ ಬಾಯೊಡೆದದ್ದನ್ನೇ ತೊಳೆದು ತುಂಬಿಸಿದಳು. ನೋಡಿ, ನಂಬಿಕೆ ಹುಟ್ಟಿದ್ದು ಅಲ್ಲಿ. ಕಂಬಳಿ ಹೊದ್ದು ಗಳದ ಬುಡದಲ್ಲಿ ಕೂತು, ದೀಪ ಸಣ್ಣಗಾದಾಗಲೆಲ್ಲ ಇಳಿಸಿ ಎಣ್ಣೆಯೆರೆದು, ಬೆಳಗಿನವರೆಗೆ ಕಾದಳು. ಬೊಮ್ಮಣ್ಣ ಅದನ್ನೇ ನೋಡುತ್ತ ಅಂಜಿಕೆ ಬಿಟ್ಟು ನಿದ್ದೆಹೋದನು. ದಿನಗಳೆದಂತೆ ಜ್ವರವೂ ಇಳಿಯಿತು.

ಆಮೇಲೆ ಗಾಣ ತಿರುಗಿ, ಕೊಳ್ಳುವವರು ತಾವಾಗಿ ಬಂದು, ಗಿರಿಯವ್ವೆಯ ತಂಗಿಯ ಮಗಳನ್ನು ಸಾಕಿಕೊಂಡು ಮನೆ ತುಂಬಿತು. ಒಂದು ಕಾರ್ತಿಕವನ್ನೂ ಅವಳು ತಪ್ಪಿಸಲಿಲ್ಲ. ಬಹುಕಾಲದ ಮೇಲೆ ಬೊಮ್ಮಣ್ಣ, ದೀಪ ಏರಿಸಿದೆಯಾ ಎಂದು ಕೇಳಿ, ಅವಳು ಹೂಂ ಎಂದ ಮೇಲೆ ನೆಮ್ಮದಿಯಿಂದ ಹೋದನು.

ಕಡೆಗೆ ಗಿರಿಯವ್ವೆಯ ಸರದಿಯೂ ಬಂತು. ಕತ್ತಲ ದಾರಿಯಲ್ಲಿ ಒಬ್ಬಳೇ ತಡವಿಕೊಂಡು ನಡೆಯುತ್ತಿರಲು ತಿರುವಿನಲ್ಲೊಂದು ಬೆಳಕು ಕಂಡಿತು. ಹತ್ತಿರ ಹೋದರೆ ಎಳ್ಳೆಣ್ಣೆಯ ವಾಸನೆ, ಅದೇ ಬಾಯೊಡೆದ ಹಣತೆ, ಅದನ್ನು ಹಿಡಿದು ನಿಂತ ಅತ್ತೆ, ಅವಳ ಬೆನ್ನಿಗೆ ಬೊಮ್ಮಣ್ಣ. ಸೊಸೆ ಅಳುತ್ತ ಕಾಲಿಗೆ ಬೀಳಲು ಪುಟ್ಟಾಜಿ ಎಬ್ಬಿಸಿ ಹೇಳಿದಳು: “ಮೊದಲ ವರ್ಷ ಬಹಳ ಎಡವಿದೆ, ಮಗಳೇ. ನಿನಗೆ ಹಾಗಾಗಬಾರದೆಂದು ಇಲ್ಲೇ ನಿಂತೆ. ಕಲ್ಲಿದೆ, ನೋಡಿ ಬಾ.”

ಅಲ್ಲಿಂದ ಯಾರು ಬಂದು ಹೇಳಿದರು ಎಂದು ಕೇಳುವವರು ಧಾರಾಳವಾಗಿ ಕೇಳಿರಿ; ಕೇಳುತ್ತಲೇ ಇಲ್ಲಿ ಉರಿಯುವ ದೀಪದ ಬತ್ತಿಯನ್ನು ಕೊಂಚ ಮುಂದೆ ಮಾಡಿರಿ. ಈ ಕಥೆ ಹೇಳಿದವರಿಗೂ ಕೇಳಿದವರಿಗೂ ನಡುವೆ ತೂಕಡಿಸಿದವರಿಗೂ ಗಿರಿಯವ್ವೆಗೆ ಒದಗಿದ ಬೆಳಕೇ ಒದಗಲಿ, ಮುಂದೆ ಹೋದವರು ತಿರುವಿನಲ್ಲಿ ಕಾದಿರಲಿ. ಇನ್ನು ಅಕ್ಷತೆ ಹಾಕಿ.